‘ಇರು’ ಎಂಬ ಎರಡು ಮಾತ್ರೆ: ಒಂದು ತವರಿನ ಹಾಡನ್ನು ತಿದ್ದಲು ಹೋದ ಪ್ರಕರಣ

ಕೊಡಗಿನ ಒಂದು ಪದವಿಪೂರ್ವ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಂದ ಹನ್ನೆರಡು ಸಾಲಿನ ಹಾಡೊಂದನ್ನು ನಾವು ಮೂವರು ಕನ್ನಡ ಅಧ್ಯಾಪಕರು ಹೇಗೆ ಓದಿದೆವು, ಎಲ್ಲಿ ತಪ್ಪಿದೆವು, ತಪ್ಪಿದ್ದು ನಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಕಾಲೇಜು, ಊರು, ಮನೆತನ ಯಾವುದನ್ನೂ ಹೆಸರಿಸಿಲ್ಲ. ಹಾಡನ್ನು ಹೀಗೆ ಚರ್ಚೆಗೆ ಬಳಸಲು ಮನೆಯವರ ಒಪ್ಪಿಗೆ ಇದೆ. ಛಂದಸ್ಸನ್ನು ಕಲಿಸುವವರಿಗೂ ಕೈಬರಹದ ಹಾಡುಗಳನ್ನು ಸಂಪಾದಿಸುವವರಿಗೂ ಇದರಿಂದ ಉಪಯೋಗವಾದೀತೆಂಬ ನಂಬಿಕೆಯಿಂದ ಲೆಕ್ಕಗಳನ್ನು ಬಿಡದೆ ಕೊಟ್ಟಿದ್ದೇನೆ.

ಹಿನ್ನೆಲೆ

ಹಾಡನ್ನು ತಂದವಳು ದ್ವಿತೀಯ ವರ್ಷದ ಒಬ್ಬ ವಿದ್ಯಾರ್ಥಿನಿ. ಅದು ಅವಳ ತೀರಿಹೋದ ಅಜ್ಜಿಯದು. ಮನೆಯ ಮಾತು ಈ ಕಡೆಯ ಆಡುನುಡಿಯಾದ ಅರೆಭಾಷೆ, ಆದರೆ ಅಜ್ಜಿ ಬರೆದದ್ದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಕಾಫಿ ಕೊಯ್ಲಿನ ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳಲ್ಲಿ, ಮಳೆ ಜಡಿ ಹಿಡಿದು ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಮದುವೆಯಾದ ಹೊಸತರಲ್ಲಿ ಮಗಳು ತವರಿಗೆ ಬಂದು ಕೂರುವ ವಾಡಿಕೆ ಈ ಕಡೆಯ ಮನೆಗಳಲ್ಲಿದೆ. ಹಾಡು ಹುಟ್ಟಿದ್ದು ಆ ಸಂದರ್ಭದಲ್ಲಿ: ತಾಯಿ ಹೇಳುತ್ತಾಳೆ, ಮಗಳು ಕೇಳುತ್ತಾಳೆ. ವಿದ್ಯಾರ್ಥಿನಿ ಬಿಳಿ ಹಾಳೆಯ ಮೇಲೆ ಅಂದವಾಗಿ ನಕಲು ಮಾಡಿ ನಮಗೆ ಕೊಟ್ಟ ಪಾಠ ಹೀಗಿತ್ತು.

ಕಾಡಿನ ಮೇಲಿನ ಮೋಡವು ಕರಗಿದೆ
ಮಾಡಿನ ಹಂಚಲಿ ಹನಿಹನಿ ಹಾಡಿದೆ
ಗೂಡಿಗೆ ಮರಳಿದ ಗುಬ್ಬಿಯೆ, ಇರು
ಮಳೆ ನಿಲ್ಲಲಿ ಮಗಳೇ

ಕಿರುಹೊಳೆ ತುಂಬಿತು ಸೇತುವೆ ಮುಳುಗಿತು
ಮರಗಳು ಬಿದ್ದವು ದಾರಿಯ ನಡುವಲಿ
ಕರೆದರು ಎನ್ನುತ ಹೊರಡದೆ ಇರು
ಮಳೆ ನಿಲ್ಲಲಿ ಮಗಳೇ

ಬೆಟ್ಟದ ಮಂಜಲಿ ಬೆಳಕಿನ ಬಿರುಕಿದೆ
ಕಟ್ಟಿದ ಬುತ್ತಿಯು ಕೈಯಲೆ ಬಿಸಿಯಿದೆ
ಬಿಟ್ಟೆನು ಕೈಯನು ಬಾಗಿಲ ಬಳಿಯಲಿ
ಮಳೆ ನಿಂತಿತು ಮಗಳೇ

ಓದಿದ ಕೂಡಲೇ ಮೂವರಿಗೂ ಹಾಡು ಹಿಡಿಸಿತು. ಅಚ್ಚುಮಾಡುವ ವಿಷಯದಲ್ಲಿ ಅನುಮಾನವಿರಲಿಲ್ಲ. ಛಂದಸ್ಸಿನ ಪಾಠ ನಡೆಯುತ್ತಿದ್ದ ವಾರವಾದ್ದರಿಂದ ನಾನು ಇದನ್ನೇ ಕಪ್ಪುಹಲಗೆಯ ಮೇಲೆ ಬರೆದು ಪ್ರಸ್ತಾರ ಹಾಕಿಸಿದೆ, ಅಂದರೆ ಮಾತ್ರೆ ಎಣಿಸಿ ಸಾಲುಗಳನ್ನು ಗಣಗಳಾಗಿ ಒಡೆಯಿಸಿದೆ. ತೊಡಕು ಅಲ್ಲಿಂದ ಶುರುವಾಯಿತು.

ಲೆಕ್ಕಕ್ಕೆ ಸಿಗದ ಸಾಲುಗಳು

ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ, ಅನುಸ್ವಾರವಿರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಅವು ಗುರು. ಈ ನಿಯಮ ಇಟ್ಟುಕೊಂಡು ಎಣಿಸಿದರೆ ಮೊದಲ ಸಾಲು ಕಾಡಿನ | ಮೇಲಿನ | ಮೋಡವು | ಕರಗಿದೆ ಎಂದು ನಾಲ್ಕು ಮಾತ್ರೆಯ ನಾಲ್ಕು ಗಣಗಳಾಗಿ ಒಡೆಯುತ್ತದೆ. ಒಟ್ಟು 16 ಮಾತ್ರೆ, ಮಂದಾನಿಲ ರಗಳೆ ಎಂಬ ಛಂದಸ್ಸಿನ ನಡೆ. ಎರಡನೆಯ ಸಾಲೂ ಹಾಗೆಯೇ. ಮೂರನೆಯದರಲ್ಲಿ ಮೂರು ಗಣ ತುಂಬಿ, ‘ಇರು’ ಎಂಬ ಎರಡು ಮಾತ್ರೆಯ ತುಂಡು ಉಳಿಯುತ್ತದೆ, ಅಲ್ಲಿಗೆ 14. ನಾಲ್ಕನೆಯದರಲ್ಲಿ ಇರುವುದು ಬರೀ 10. ಎರಡನೆಯ ಪದ್ಯದಲ್ಲಿಯೂ ಇದೇ ಲೆಕ್ಕ ಬಂದಾಗ ಹುಡುಗರು ಇದನ್ನು ಒಂದು ಕ್ರಮವೆಂದೇ ಒಪ್ಪಿಕೊಂಡರು. ಮೂರನೆಯ ಪದ್ಯಕ್ಕೆ ಬಂದಾಗ ಆ ಕ್ರಮ ಕುಸಿಯಿತು. ಅಲ್ಲಿ ಮೂರನೆಯ ಸಾಲು ಬಿಟ್ಟೆನು | ಕೈಯನು | ಬಾಗಿಲ | ಬಳಿಯಲಿ ಎಂದು ಪೂರ್ತಿ 16 ಮಾತ್ರೆ ತುಂಬಿಕೊಂಡಿತ್ತು.

ಪ್ರಾಸದಲ್ಲಿಯೂ ದೂರು ಬಂತು. ಕರಗಿದೆ–ಹಾಡಿದೆ, ಬಿರುಕಿದೆ–ಬಿಸಿಯಿದೆ ಹೊಂದುತ್ತವೆ, ಆದರೆ ಮುಳುಗಿತು–ನಡುವಲಿ ಹೊಂದುವುದಿಲ್ಲ. ಆದ್ದರಿಂದ ಎರಡನೆಯ ಪದ್ಯದಲ್ಲಿ ಪ್ರಾಸ ಕೆಟ್ಟಿದೆ ಎಂದು ಹೆಚ್ಚಿನವರು ಬರೆದರು. ಈ ದೂರು ಬೇಗ ಬಿದ್ದುಹೋಯಿತು, ಆದರೂ ಅದು ಹೇಗೆ ಬಿತ್ತೆಂದು ಹೇಳಬೇಕು. ಇಂದಿನ ಹುಡುಗರ ಕಣ್ಣು ಪ್ರಾಸವನ್ನು ಸಾಲಿನ ತುದಿಯಲ್ಲಿ ಹುಡುಕುತ್ತದೆ. ಕನ್ನಡ ಅದನ್ನು ಸಾಲಿನ ತಲೆಯಲ್ಲಿ, ಎರಡನೆಯ ಅಕ್ಷರದಲ್ಲಿ ಇಟ್ಟುಕೊಂಡು ಬಂದ ಭಾಷೆ. 1911ರಲ್ಲಿ ಗೋವಿಂದ ಪೈಗಳು ಅದನ್ನು ಕೈಬಿಡುವ ಧೈರ್ಯ ಮಾಡುವವರೆಗೆ ಆದಿಪ್ರಾಸವಿಲ್ಲದ ಪದ್ಯವನ್ನು ಪದ್ಯವೆಂದು ಒಪ್ಪುವುದೇ ಕಷ್ಟವಾಗಿತ್ತು. ಸಾಲಿನ ತಲೆಯನ್ನು ನೋಡಿರೆಂದು ಹೇಳಿದಾಗ ಅಜ್ಜಿಯ ಕೆಲಸ ಕಾಣಿಸಿತು. ಮೊದಲ ಪದ್ಯದಲ್ಲಿ ಕಾಡಿನ, ಮಾಡಿನ, ಗೂಡಿಗೆ: ದೀರ್ಘದ ಮುಂದೆ ಡಕಾರ. ಎರಡನೆಯದರಲ್ಲಿ ಕಿರುಹೊಳೆ, ಮರಗಳು, ಕರೆದರು: ಹ್ರಸ್ವದ ಮುಂದೆ ರಕಾರ. ಮೂರನೆಯದರಲ್ಲಿ ಬೆಟ್ಟದ, ಕಟ್ಟಿದ, ಬಿಟ್ಟೆನು: ಒತ್ತಿ ಬರುವ ಟಕಾರ. ಹತ್ತನೆಯ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಹೇಳುವ ಆರು ಪ್ರಾಸಗಳ ಪೈಕಿ ಗಜ, ಸಿಂಹ, ಹಯ ಎಂಬ ಮೂರು ಇಲ್ಲಿ ಪದ್ಯಕ್ಕೊಂದರಂತೆ ಬಂದಿವೆ. ಅಜ್ಜಿ ಆ ಹೆಸರುಗಳನ್ನು ಕೇಳಿದ್ದಿರಲಾರರು. ಆದರೆ ಸಾಲಿನ ತಲೆ ಸಾಲಿನ ತಲೆಯನ್ನು ಕರೆಯಬೇಕೆಂಬುದು ಅವರ ಕಿವಿಗೆ ಗೊತ್ತಿತ್ತು.

ಆದಿಪ್ರಾಸದಲ್ಲಿ ಇಷ್ಟು ಖಚಿತವಾಗಿದ್ದವರು ಮಾತ್ರೆಯ ಲೆಕ್ಕದಲ್ಲಿ ಎಡವಿದರೆಂದು ನಂಬುವ ಮೊದಲು ನಾವು ಎರಡು ಸಲ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ನಾವು ಮಾಡಿದ ತಿದ್ದುಪಡಿ

ಮೂವರಲ್ಲಿ ಹಿರಿಯರಾದ ಸಹೋದ್ಯೋಗಿ ಸ್ವತಃ ಪದ್ಯ ಬರೆಯುವವರು, ಷಟ್ಪದಿಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು. ಅವರ ತೀರ್ಮಾನ ಸ್ಪಷ್ಟವಾಗಿತ್ತು. ಇದು ಮೂಲದಲ್ಲಿ ಮಂದಾನಿಲದ ನಡೆ, ಬರೆಯುವಾಗ ಎರಡು ಕಡೆ ಅಕ್ಷರ ಬಿದ್ದುಹೋಗಿದೆ, ಮೂರನೆಯ ಪದ್ಯದ ಮೂರನೆಯ ಸಾಲು ಸರಿಯಾಗಿ ಉಳಿದಿರುವುದರಿಂದ ಅದೇ ಅಳತೆಗೆ ಉಳಿದವನ್ನು ಹೊಂದಿಸಬಹುದು. ‘ಇರು’ ಇದ್ದಲ್ಲಿ ‘ನೀನಿರು’, ‘ಮಳೆ’ ಇದ್ದಲ್ಲಿ ‘ಈ ಮಳೆ’ ಎಂದು ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದರು.

ಗೂಡಿಗೆ ಮರಳಿದ ಗುಬ್ಬಿಯೆ ನೀನಿರು
ಈ ಮಳೆ ನಿಲ್ಲಲಿ ಮಗಳೇ

ಲೆಕ್ಕ ಚೊಕ್ಕವಾಯಿತು. ಮೂರೂ ಪದ್ಯಗಳಲ್ಲಿ ಮೂರು ಸಾಲು 16 ಮಾತ್ರೆ, ಪಲ್ಲವಿ 12. ಅರ್ಥ ಕೆಟ್ಟಿಲ್ಲ, ಪ್ರಾಸ ಕೆಟ್ಟಿಲ್ಲ, ಪದ ಎಲ್ಲಿಯೂ ಮುರಿದಿಲ್ಲ. ತಿದ್ದುಪಡಿ ಜಾಣತನದ್ದೇ ಆಗಿತ್ತು, ನಾನು ಅದನ್ನು ಮನಸಾರೆ ಒಪ್ಪಿದೆ. ಮೂರನೆಯವರು ಮಾತ್ರ, 10 ಮಾತ್ರೆಯ ಪಲ್ಲವಿಯನ್ನು 4 | 4 | 2 ಎಂದು ಒಡೆದು ಕೊನೆಯ ಎರಡು ಮಾತ್ರೆಯನ್ನು ಮುಡಿ ಎನ್ನಬಹುದಲ್ಲವೇ, ಸಾಲಿನ ಕೊನೆಯಲ್ಲಿ ಅರ್ಧಗಣ ಬಂದು ಉಳಿದದ್ದು ಮೌನದಲ್ಲಿ ತುಂಬಿಕೊಳ್ಳುವುದು ಹೊಸತೇನಲ್ಲವಲ್ಲ ಎಂದು ಕೇಳಿದರು. ಹಾಗೆ ಒಡೆದಾಗ ಬಂದದ್ದು: ಮಳೆನಿಲ್ | ಲಲಿಮಗ | ಳೇ. ನಡುವೆ ಮುರಿದ ಆ ಪದಗಳನ್ನು ನೋಡಿ ಅವರೇ ಹಿಂದೆಗೆದರು.

ಆ ಮುರಿದ ಪದಗಳೇ ನಮಗೆ ದಾರಿ ತೋರಿಸಬೇಕಿತ್ತು. ಇಡೀ ಹಾಡಿನಲ್ಲಿ ಒಂದೇ ಒಂದು ಪದವೂ ಗಣದ ಗಡಿಯನ್ನು ದಾಟುವುದಿಲ್ಲ. ಪದ ಮುಗಿದಲ್ಲಿ ಗಣ ಮುಗಿಯುತ್ತದೆ, ಗಣ ಮುಗಿದಲ್ಲಿ ಪದ. ಇಷ್ಟು ಶಿಸ್ತಿನ ಹಾಡಿನಲ್ಲಿ ಪಲ್ಲವಿ ಮಾತ್ರ ಎರಡು ಕಡೆ ಒಡೆಯುತ್ತದೆಂದರೆ, ಒಡೆದದ್ದು ನಮ್ಮ ಗೆರೆಯೇ ಹೊರತು ಹಾಡಲ್ಲ. ಅದೇ ಹತ್ತು ಮಾತ್ರೆಯನ್ನು 2 | 4 | 4 ಎಂದು ಒಡೆದಿದ್ದರೆ ಮಳೆ | ನಿಲ್ಲಲಿ | ಮಗಳೇ ಎಂದು ಪದಗಳು ಇಡಿಯಾಗಿ ಉಳಿಯುತ್ತಿದ್ದವು. ಎಡದಿಂದ ಎಣಿಸುವ ಅಭ್ಯಾಸದಿಂದಾಗಿ ಸಾಲಿನ ಮೊದಲ ಅಕ್ಷರವೇ ತಾಳದ ಮೊದಲ ಪೆಟ್ಟು ಎಂದು ನಾವು ಮೂವರೂ ಭಾವಿಸಿಬಿಟ್ಟಿದ್ದೆವು.

ಅಚ್ಚಿಗೆ ಹೋಗುವ ಪ್ರತಿ ಸಿದ್ಧವಾದ ದಿನ ವಿದ್ಯಾರ್ಥಿನಿ ಅದನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಲೆಕ್ಕ ಸರಿಯಿರಬಹುದು. ಆದರೆ ನಮ್ಮ ಚಿಕ್ಕಜ್ಜಿ ಹೇಳುವಾಗ ಇದು ಹೀಗೆ ಬರುವುದಿಲ್ಲ” ಎಂದಳು. ಅಜ್ಜಿಯ ತಂಗಿ ಇನ್ನೂ ಬದುಕಿದ್ದಾರೆಂಬುದೂ, ಅವರಿಗೆ ಈ ಹಾಡು ಬಾಯಿಗೆ ಬರುತ್ತದೆಂಬುದೂ ನಮಗೆ ಗೊತ್ತಾದದ್ದು ಆಗಲೇ. ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅಚ್ಚಿಗೆ ಕೊಡುವುದನ್ನು ಒಂದು ವಾರ ಮುಂದೂಡಿದೆವು. ಈ ಪ್ರಕರಣದಲ್ಲಿ ನಾವು ತೆಗೆದುಕೊಂಡ ನಿರ್ಧಾರಗಳಲ್ಲಿ ಮೊದಲ ಬಾರಿಗೆ ಸರಿಯಾದದ್ದು ಅದು.

ಮೊರದ ಅಂಚಿನ ತಾಳ

ಜನವರಿಯ ಕೊನೆಯ ಒಂದು ಮಧ್ಯಾಹ್ನ ಚಿಕ್ಕಜ್ಜಿಯ ಮನೆಗೆ ಹೋದೆವು. ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿತ್ತು. ಚಿಕ್ಕಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಮೊರದಲ್ಲಿ ಕರಿಮೆಣಸು ಹಾಕಿಕೊಂಡು ಜೊಳ್ಳು, ಕಡ್ಡಿ ಆರಿಸುತ್ತಿದ್ದರು. ಹಾಡು ಹೇಳಿ ಎಂದಾಗ ನಾಚಿಕೊಂಡರು, ಆಮೇಲೆ ತಲೆ ಎತ್ತದೆಯೇ ಶುರುಮಾಡಿದರು. ಕೈ ನಿಲ್ಲಲಿಲ್ಲ. ಬಲಗೈಯ ಬೆರಳುಗಳು ಕಾಳು ಸರಿಸಿ ಸರಿಸಿ ಗಣಕ್ಕೊಂದು ಸಲ ಮೊರದ ಅಂಚಿಗೆ ತಾಗುತ್ತಿದ್ದವು. ಕಾಡಿನ ಎಂಬಲ್ಲಿ ಒಂದು ತಟ್ಟು, ಮೇಲಿನ ಎಂಬಲ್ಲಿ ಒಂದು, ಹಾಗೆಯೇ ಮುಂದಕ್ಕೆ. ಗುಬ್ಬಿಯೆ ಎಂಬಲ್ಲಿ ತಟ್ಟಿದರು, ‘ಇರು’ ಎಂಬಲ್ಲಿ ತಟ್ಟಿದರು, ಉಸಿರು ಬಿಡದೆ ‘ಮಳೆ’ ಎಂದರು. ಅಲ್ಲಿ ತಟ್ಟಲಿಲ್ಲ. ಮುಂದಿನ ಪೆಟ್ಟು ಬಿದ್ದದ್ದು ‘ನಿಲ್’ ಮೇಲೆ.

ಗುಬ್ಬಿಯೆ | ಇರುಮಳೆ | ನಿಲ್ಲಲಿ | ಮಗಳೇ

ನನ್ನ ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ತೊಡೆಯ ಮೇಲೆ ಬೆರಳು ಮಡಿಸಿ ಎಣಿಸುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ಎರಡು ಮಾತ್ರೆ ಕಡಿಮೆಯೆಂದು ನಾವು ಗುರುತು ಹಾಕಿದ ಸಾಲು, ಅದರ ಕೆಳಗಿನ ಇನ್ನೊಂದು ಕೊರತೆಯ ಸಾಲಿನೊಂದಿಗೆ ಸೇರಿ ಒಂದು ಇಡೀ ಗಣವಾಗುತ್ತಿತ್ತು. ಹದಿನಾಲ್ಕೂ ಹತ್ತೂ ಸೇರಿ ಇಪ್ಪತ್ತನಾಲ್ಕು, ಅಂದರೆ ಕೊರತೆಯೇ ಇಲ್ಲದ ಆರು ಗಣ. ಸಾಲಿನ ಕೊನೆಯ ಊನಗಣಕ್ಕೆ ಮುಡಿ ಎಂದೂ, ಸಾಲಿನ ತಲೆಯಲ್ಲಿ ತಾಳದ ಪೆಟ್ಟಿಗೆ ಮೊದಲೇ ಬರುವ ಊನಗಣಕ್ಕೆ ಪದ್ಮಗಣ ಎಂದೂ ನಾವೇ ಪಾಠ ಹೇಳುತ್ತೇವೆ. ಹಿಂದಿನ ಸಾಲಿನ ಮುಡಿಯನ್ನು ಮುಂದಿನ ಸಾಲಿನ ಪದ್ಮಗಣ ತುಂಬಿಕೊಡುತ್ತದೆಂಬುದನ್ನೂ ಹೇಳುತ್ತೇವೆ. ಹೇಳಿಕೊಡುವುದು ಗೊತ್ತಿದ್ದೂ ಕಣ್ಣೆದುರಿಗಿದ್ದದ್ದು ಕಾಣಲಿಲ್ಲ.

ಮೂರನೆಯ ಪದ್ಯ ಬಂತು. ಬಿಟ್ಟೆನು, ಕೈಯನು, ಬಾಗಿಲ, ಬಳಿಯಲಿ, ನಾಲ್ಕು ತಟ್ಟು. ಐದನೆಯ ತಟ್ಟೂ ಬಿತ್ತು, ಆದರೆ ಬಾಯಿಂದ ಮಾತು ಬರಲಿಲ್ಲ. ಆ ಖಾಲಿಯ ಹಿಂದೆಯೇ ಮೆಲ್ಲಗೆ ‘ಮಳೆ’ ಎಂದು, ಆರನೆಯ ತಟ್ಟಿಗೆ ‘ನಿಂತಿತು’ ಎಂದರು. ಮೊದಲೆರಡು ಪದ್ಯಗಳಲ್ಲಿ ‘ಮಳೆ’ಯ ಹಿಂದಿನ ಪೆಟ್ಟು ಬೀಳುತ್ತಿದ್ದದ್ದು ‘ಇರು’ ಎಂಬ ಮಾತಿನ ಮೇಲೆ. ಇಲ್ಲಿ ಅದೇ ಪೆಟ್ಟು ಬೀಳುವುದು ಮೌನದ ಮೇಲೆ. ಮಳೆ ನಿಂತಿದೆ, ದಾರಿ ತೆರೆದಿದೆ, ಇನ್ನು ತಾಯಿ ‘ಇರು’ ಎನ್ನುವಂತಿಲ್ಲ. ಎರಡು ಸಲ ಹೇಳಿದ ಆ ಎರಡು ಮಾತ್ರೆಯ ಮಾತು ಮೂರನೆಯ ಸಲ ಎರಡು ಮಾತ್ರೆಯ ಮೌನವಾಗಿದೆ. ನಮ್ಮ ತಿದ್ದುಪಡಿ ‘ಈ’ ಎಂಬ ಅಕ್ಷರವನ್ನು ತುರುಕಿದ್ದು ಸರಿಯಾಗಿ ಆ ಮೌನದ ಜಾಗಕ್ಕೆ. ಮೊದಲೆರಡು ಪದ್ಯಗಳಲ್ಲಿ ಅದೇ ‘ಈ’, ‘ಇರು’ವಿಗೂ ‘ಮಳೆ’ಗೂ ಇದ್ದ ಅಂಟನ್ನು ಬಿಡಿಸಿ ಎರಡನ್ನೂ ಬೇರೆ ಬೇರೆ ಗಣಗಳಿಗೆ ತಳ್ಳಿತ್ತು. ಅಂಟಿರಬೇಕಾದಲ್ಲಿ ಬಿಡಿಸಿ, ಬಿಡುವಿರಬೇಕಾದಲ್ಲಿ ತುಂಬಿ, ಲೆಕ್ಕ ಸರಿಯಾಯಿತೆಂದು ನಾವು ಸಂತೋಷಪಟ್ಟಿದ್ದೆವು.

ಕೊನೆಯ ಪದ್ಯದಲ್ಲಿ ಯಾಕೆ ತಡೆಯುತ್ತೀರಿ ಎಂದು ನಾನು ಕೇಳಿದೆ. “ಅಲ್ಲಿ ತಡೆಯದಿದ್ದರೆ ಹಾಡು ಸುಮ್ಮನೆ ಮುಗಿದುಹೋಗುತ್ತದಲ್ಲ, ಮೇಷ್ಟ್ರೇ” ಎಂದು ಮೊರ ಕೊಡವಿದರು.

ಮೂಲದ ಹಾಳೆ ಮತ್ತು ಪಲ್ಲವಿಯ ಮರುಓದು

ಹಾಡು ಕೇಳಿದ ಮೇಲೆ ಲೆಕ್ಕದ ಪುಸ್ತಕವನ್ನೇ ತರಿಸಿ ನೋಡಿದೆವು. ಮೊದಲೇ ಮಾಡಬೇಕಿದ್ದ ಕೆಲಸ. ಮೊದಲ ಪದ್ಯದಲ್ಲಿ ‘ಇರುಮಳೆ’ ಎಂದು ಎರಡೂ ಪದ ಕೂಡಿಕೊಂಡು ಒಂದೇ ಸಾಲಿನಲ್ಲಿದ್ದವು. ಪಲ್ಲವಿಗೆ ಪ್ರತ್ಯೇಕ ಸಾಲು ಇರಬೇಕೆಂದುಕೊಂಡು ಅವನ್ನು ಒಡೆದವಳು ನಕಲು ಮಾಡಿದ ಮೊಮ್ಮಗಳು. ಎರಡನೆಯ ಪದ್ಯದಲ್ಲಿ ಕೂಲಿಯ ಅಂಕಣದ ಗೆರೆ ಅಡ್ಡ ಬಂದು ಸಾಲು ಎಲ್ಲೆಲ್ಲೋ ಮುರಿದಿತ್ತು. ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಮೂರನೆಯದರಲ್ಲಿ ‘ಮಳೆ ನಿಂತಿತು ಮಗಳೇ’ ಎಂಬುದು ತಾನೇ ಒಂದು ಸಾಲಾಗಿತ್ತು. ಇಷ್ಟನ್ನೇ ಸಾಕ್ಷ್ಯವೆಂದು ಹಿಡಿದಿದ್ದರೆ ನಾನು ಒಪ್ಪುತ್ತಿರಲಿಲ್ಲ, ಇಕ್ಕಟ್ಟಿನ ಹಾಳೆಯಲ್ಲಿ ಸಾಲು ಮುರಿಯಲು ನೂರು ಕಾರಣಗಳಿರುತ್ತವೆ. ಆದರೆ ಬಾಯಿ, ಕೈ, ಹಾಳೆ ಮೂರೂ ಒಂದೇ ಮಾತು ಹೇಳುತ್ತಿದ್ದವು.

ಆಮೇಲೆ ಪಲ್ಲವಿಯನ್ನು ತರಗತಿಯಲ್ಲಿ ಮತ್ತೆ ಓದಿದೆವು. ಗಣಗಳ ಒಳಗನ್ನು ನೋಡಿದರೆ, ಹಾಡಿನುದ್ದಕ್ಕೂ ಬರುವುದು ಎರಡೇ ಬಗೆ: ಗುರುವಿನಿಂದ ಶುರುವಾಗಿ ಎರಡು ಲಘುಗಳಲ್ಲಿ ಇಳಿಯುವುದು, ಇಲ್ಲವೇ ನಾಲ್ಕೂ ಲಘುಗಳಿರುವುದು. ಎಲ್ಲವೂ ಮುಗಿಯುವುದು ಲಘುವಿನಲ್ಲಿ, ಹಂಚಿನ ಮೇಲಿನ ಹನಿಯ ಹಾಗೆ ಬಿದ್ದು ಸಿಡಿದು ಮುಂದಕ್ಕೆ ತಳ್ಳುತ್ತವೆ. ಗುರುವಿನಲ್ಲಿ ನಿಲ್ಲುವ ಗಣ ಒಂದೇ, ‘ಮಗಳೇ’. ದನಿ ನಿಲ್ಲಬಲ್ಲ ಏಕೈಕ ಜಾಗವನ್ನು ಅಜ್ಜಿ ಮಗಳಿಗೆ ಕೊಟ್ಟಿದ್ದಾರೆ. ಇನ್ನೂ ಹತ್ತಿರದಿಂದ ನೋಡಿದರೆ ‘ಮಳೆ’ ಎಂಬ ಪದದ ಮಕಾರ, ಳಕಾರ, ಎಕಾರಗಳೇ ‘ಮಗಳೇ’ ಎಂಬಲ್ಲಿ ನಡುವೆ ಒಂದು ಗಕಾರವನ್ನು ಸೇರಿಸಿಕೊಂಡು, ದೀರ್ಘವಾಗಿ ಮರಳುತ್ತವೆ. ಮಳೆ ಇರುವಷ್ಟು ದಿನ ಮಗಳು ಇರುತ್ತಾಳೆಂಬ ಮಾತನ್ನು ಅರ್ಥ ಹೇಳುವ ಮೊದಲೇ ನಾದ ಹೇಳಿಬಿಟ್ಟಿದೆ.

‘ನಿಲ್ಲಲಿ’ ಎಂಬ ಪದದ ಮೇಲೆ ತರಗತಿಯಲ್ಲಿ ಒಳ್ಳೆಯ ಚರ್ಚೆಯಾಯಿತು. ಮೇಲುನೋಟಕ್ಕೆ ಅದು ಮಳೆ ನಿಲ್ಲಲೆಂಬ ಹಾರೈಕೆ. ಆದರೆ ಕೊಡಗಿನ ಮನೆಗಳಲ್ಲಿ ಹೊರಟುನಿಂತ ನೆಂಟರಿಗೆ ‘ಮಳೆ ನಿಲ್ಲಲಿ’ ಎಂದರೆ ‘ಅಲ್ಲಿಯವರೆಗೆ ಕೂತಿರಿ’ ಎಂದರ್ಥ. ತಾಯಿಗೆ ಮಳೆ ನಿಲ್ಲುವುದು ಬೇಕಾಗಿಲ್ಲ. ಬೇಡಿಕೊಳ್ಳುತ್ತಿರುವುದು ಅದು ನಿಲ್ಲದಿರಲಿ ಎಂದು. ಪುನರಾವೃತ್ತಿಯ ಕೆಲಸ ಇಲ್ಲಿದೆ. ಎರಡು ಸಲ ಕೇಳಿ ಕಿವಿಗೆ ಕಟ್ಟುಬಿದ್ದ ಸಾಲಿನಲ್ಲಿ ಮೂರನೆಯ ಸಲ ‘ಲ್ಲಲಿ’ ಹೋಗಿ ‘ಂತಿತು’ ಬರುತ್ತದೆ. ಮಾತ್ರೆ ಬದಲಾಗಿಲ್ಲ, ಪೆಟ್ಟು ಬದಲಾಗಿಲ್ಲ, ಕೋರಿಕೆ ಹೋಗಿ ವರದಿ ಬಂದಿದೆ. ಪಲ್ಲವಿಯನ್ನು ‘ಮತ್ತೆ ಮತ್ತೆ ಬರುವ ಸಾಲು’ ಎಂದಷ್ಟೇ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸುವ ಹುಡುಗರಿಗೆ, ಅದು ಮತ್ತೆ ಬರುವುದೇ ಒಂದು ಸಲ ಬೇರೆಯಾಗಿ ಬರುವುದಕ್ಕೆ ಎಂದು ತೋರಿಸಲು ನನಗೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಕ್ಕಿಲ್ಲ.

ಎಲ್ಲ ಓದನ್ನೂ ನಾವು ಒಪ್ಪಿಕೊಳ್ಳಲಿಲ್ಲ. ಮೂರನೆಯ ಪದ್ಯದ ಮೊದಲ ಮೂರು ಸಾಲುಗಳ ಹನ್ನೆರಡು ಪದಗಳಲ್ಲಿ ಎಂಟು ಬಕಾರದಿಂದ ಶುರುವಾಗುತ್ತವೆಂದು ಒಬ್ಬ ಹುಡುಗ ಎಣಿಸಿ ತೋರಿಸಿದ. ಎಣಿಕೆ ನಿಜ, ಅನುಪ್ರಾಸವೂ ಕಿವಿಗೆ ಬೀಳುತ್ತದೆ. ಅದು ‘ಬಾ’ ಎಂಬ ಕರೆಯ ಪ್ರತಿಧ್ವನಿ ಎಂದು ಅವನು ಮುಂದುವರಿದಾಗ ನಾನು ತಡೆದೆ. ‘ಇರು’ವಿನ ವಿಷಯದಲ್ಲಿ ನಮ್ಮ ಬಳಿ ಲೆಕ್ಕವಿತ್ತು, ಹಾಡುವವರ ಕೈಯಿತ್ತು, ಹಾಳೆಯಿತ್ತು. ‘ಬಾ’ ವಿಷಯದಲ್ಲಿ ಇದ್ದದ್ದು ಅವನ ಆಸೆ ಮಾತ್ರ. ಇಂಥ ಓದಿಗೆ ಮನಸ್ಸು ಜಾರುವುದು ಸುಲಭವೆಂದೇ ಈ ವ್ಯತ್ಯಾಸವನ್ನು ಅವನಿಗೆ ಬಿಡಿಸಿ ಹೇಳಿದೆ.

ಅಚ್ಚಿನಲ್ಲಿ ಏನಾಯಿತು

ತಿದ್ದುಪಡಿ ಹಿಂದಕ್ಕೆ ಪಡೆಯುವುದರಲ್ಲಿ ಜಗಳವಿರಲಿಲ್ಲ. ಹಿರಿಯ ಸಹೋದ್ಯೋಗಿಯೇ ತಮ್ಮ ಪೆನ್ಸಿಲ್ ಗುರುತುಗಳನ್ನು ಅಳಿಸಿದರು. ಭಿನ್ನಾಭಿಪ್ರಾಯ ಬಂದದ್ದು ಜೋಡಣೆಯಲ್ಲಿ. ಅಜ್ಜಿಯ ಹಾಳೆಯಲ್ಲಿದ್ದಂತೆ ‘ಇರುಮಳೆ’ ಎಂದು ಕೂಡಿಸಿ ಅಚ್ಚುಹಾಕಿದರೆ ಓದುವವರು ಅದನ್ನು ಒಂದೇ ಪದವೆಂದು, ಕಿರುಮಳೆ, ಜಡಿಮಳೆಗಳ ಜಾತಿಗೆ ಸೇರಿಸಿಯಾರೆಂಬ ಭಯ ನನಗಿತ್ತು. ಬಿಡಿಸಿ ಹಾಕಿದರೆ ನಾವು ಮಾಡಿದ ತಪ್ಪನ್ನೇ ಇನ್ನೊಬ್ಬರೂ ಮಾಡುತ್ತಾರೆಂಬುದು ಅವರ ವಾದ. ಕೊನೆಗೆ ಸಾಲುಗಳನ್ನು ಬಿಡಿಸಿಯೇ ಇಟ್ಟು, ಮೊದಲೆರಡು ಪದ್ಯಗಳಲ್ಲಿ ‘ಮಳೆ’ಯನ್ನು ಹಿಂದಿನ ಸಾಲಿನ ‘ಇರು’ ಮುಗಿಯುವ ಜಾಗದ ನೇರ ಕೆಳಗಿನಿಂದ ಶುರುಮಾಡಿದೆವು. ಮೂರನೆಯದರಲ್ಲಿ ಪಲ್ಲವಿಯನ್ನು ಎಡ ಅಂಚಿಗೆ ತಂದು, ಅದರ ಮೇಲೆ ಅರ್ಧ ಸಾಲಿನಷ್ಟು ಜಾಗ ಬಿಟ್ಟೆವು. ಕಾಲೇಜಿನ ಸಮಾರಂಭದಲ್ಲಿ ವಿದ್ಯಾರ್ಥಿನಿ ಹಾಡಿದಾಗ ಆ ಖಾಲಿಯಲ್ಲಿ ಸಭೆಯೂ ಉಸಿರು ಹಿಡಿಯಿತು. ಆದರೆ ಸಂಚಿಕೆಯಲ್ಲಿ ಬರೀ ಕಣ್ಣಿನಿಂದ ಓದಿದ ಇಬ್ಬರು ಹಳೆಯ ವಿದ್ಯಾರ್ಥಿಗಳು ಪಲ್ಲವಿಯಲ್ಲಿ ಮಾತ್ರೆ ತಪ್ಪಿದೆಯೆಂದು ನನಗೆ ತಿಳಿಸಿದರು. ಅಚ್ಚಿನ ಜಾಗದಿಂದ ಮೌನವನ್ನು ಕೇಳಿಸಬಹುದೆಂಬ ನನ್ನ ಭರವಸೆ ಅರ್ಧ ಮಾತ್ರ ನಿಜವಾಯಿತು. ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ ಹಾಕಬೇಕಿತ್ತೆಂಬ ಸಹೋದ್ಯೋಗಿಯ ಮಾತನ್ನು ಈಗ ಒಪ್ಪುತ್ತೇನೆ.

ಅಂದಿನಿಂದ ಕೈಬರಹದ ಯಾವ ಹಾಡು ಬಂದರೂ ನಕಲಿನ ಜೊತೆಗೆ ಮೂಲದ ಹಾಳೆಯನ್ನು ಕೇಳುತ್ತೇವೆ, ಹಾಡಬಲ್ಲವರು ಮನೆಯಲ್ಲಿ ಯಾರಿದ್ದಾರೆಂದು ಕೇಳುತ್ತೇವೆ. ಪ್ರಸ್ತಾರ ಹಾಕುವ ಮೊದಲು ಮೇಜಿನ ಮೇಲೆ ತಟ್ಟಿ ಓದಿಸುತ್ತೇನೆ, ಮೊದಲ ಪೆಟ್ಟು ಯಾವ ಅಕ್ಷರದ ಮೇಲೆ ಬೀಳುತ್ತದೆಂದು ಗೊತ್ತಾದ ಮೇಲೆಯೇ ಗೆರೆ ಎಳೆಯಲು ಬಿಡುತ್ತೇನೆ. ಒಂದೇ ಸಂಖ್ಯೆ ಎರಡು ಬಗೆಯಾಗಿ ಒಡೆಯಬಹುದಾದಾಗ ಪದದ ಗಡಿಯನ್ನು ಮೊದಲು ನೋಡಿರಿ ಎಂದು ಹೇಳಿಕೊಡುತ್ತೇನೆ.

ಒಂದು ಪ್ರಶ್ನೆ ಮಾತ್ರ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಚಿಕ್ಕಜ್ಜಿ ಆ ಮಧ್ಯಾಹ್ನ ಹಾಡನ್ನು ಮೂರು ಸಲ ಹೇಳಿದ್ದರು, ಮೂರನ್ನೂ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇವೆ. ಮೊದಲೆರಡು ಸಲ ‘ಬಳಿಯಲಿ’ ಆದ ಮೇಲೆ ಖಾಲಿ ತಟ್ಟು ಒಂದೇ, ಅಲ್ಲಿಗೆ ಮೌನ ಎರಡು ಮಾತ್ರೆ. ಮೂರನೆಯ ಸಲ ಖಾಲಿ ತಟ್ಟು ಎರಡು ಬಿದ್ದಿವೆ, ಮೌನ ಆರು ಮಾತ್ರೆಗೆ ಬೆಳೆದಿದೆ. ಎರಡು ಮಾತ್ರೆಯೇ ಹಾಡಿನ ಅಳತೆ, ‘ಇರು’ವಿನ ಉದ್ದಕ್ಕೆ ಅದೇ ಸಮ ಎಂಬುದು ನನ್ನ ನಿಲುವು. ಹಿರಿಯ ಸಹೋದ್ಯೋಗಿ ಮಾತ್ರ, ಮೂರನೆಯ ಸಲ ಹಾಡುವಾಗ ಆಕೆ ಮೊರವನ್ನು ಪಕ್ಕಕ್ಕೆ ಇಟ್ಟು ಬರೀ ನೆಲ ತಟ್ಟುತ್ತಿದ್ದರು, ಅದನ್ನೂ ಬರೆದುಕೊಳ್ಳಿ ಎನ್ನುತ್ತಾರೆ. ಬರೆದುಕೊಂಡಿದ್ದೇನೆ.